ರಾತ್ರಿ ಚೆಕಿಂಗಲ್ಲಿ ಪೊಲೀಸರು ಡಿಕ್ಕಿ ತೆಗಿ ಅಂದ್ರೆ ಆಗಲ್ಲ ಅನ್ನಬಹುದಾ?

ನೀವು ಕೇಳಿರೋದು ಇಷ್ಟು: ರಾತ್ರಿ ಹನ್ನೊಂದು ಗಂಟೆ ಹೊತ್ತಿಗೆ ನಾಕಾಬಂದಿಲಿ ಕಾರ್ ನಿಲ್ಲಿಸಿದ್ರು, ಕೀ ಕಿತ್ಕೊಂಡ್ರು, ಡಿಕ್ಕಿ ತೆಗೆಸಿ ಬ್ಯಾಗೆಲ್ಲಾ ಜಾಲಾಡಿದ್ರು, ಫೋನ್ ಲಾಕ್ ತೆಗೆಸಿ ವಾಟ್ಸಾಪ್ ನೋಡಿದ್ರು, ಏನೂ ಸಿಗದೇ ಇದ್ದಾಗ ಡಿಎಲ್ ಇಟ್ಕೊಂಡು ನಾಳೆ ಸ್ಟೇಷನ್‌ಗೆ ಬಾ ಅಂತ ಕಳಿಸಿದ್ರು, ರಸೀದಿ ಗಿಸೀದಿ ಏನೂ ಕೊಟ್ಟಿಲ್ಲ. 'ವಾರಂಟ್ ಇಲ್ದೆ ಚೆಕ್ ಮಾಡೋಕೆ ನಾನು ಒಪ್ಪಲ್ಲ ಅಂತ ಹೇಳಬೇಕಿತ್ತು ಕಣೋ' ಅಂತ ನಿಮ್ಮ ಫ್ರೆಂಡ್ ಬೈತಿದಾರೆ, ಅದು ಸರೀನಾ ಅಂತ.

ನಾನು 14 ವರ್ಷದಿಂದ ಕ್ರಿಮಿನಲ್ ಕೇಸ್ ನಡೆಸೋ ವಕೀಲ, ಈ ಪ್ರಶ್ನೆ ವಾರಕ್ಕೊಂದು ಸಲನಾದ್ರೂ ಯಾರಾದ್ರೂ ಕೇಳ್ತಾರೆ. ನಿಮ್ಮ ಫ್ರೆಂಡ್ ಹೇಳಿದ್ದು ಅಮೆರಿಕಾದ ವಿಡಿಯೋಗಳಿಂದ ಬಂದಿರೋ ಮಾತು. ಅಲ್ಲಿ ಸಂವಿಧಾನದ ನಾಲ್ಕನೇ ತಿದ್ದುಪಡಿ ಅಂತ ಇದೆ, ಸುಮ್ಮಸುಮ್ಮನೆ ಹುಡುಕೋದನ್ನ ಅದು ತಡೆಯುತ್ತೆ, ಡ್ರೈವರ್ ಒಪ್ಪಿಗೆ ಕೊಟ್ನಾ ಇಲ್ವಾ ಅನ್ನೋದರ ಮೇಲೇ ಎಷ್ಟೋ ಕೇಸ್ ನಿಲ್ಲುತ್ತೆ, ಕಾನೂನು ಮೀರಿ ಹುಡುಕಿ ತಗೊಂಡ ಸಾಕ್ಷ್ಯನ ಸಾಮಾನ್ಯವಾಗಿ ಕೋರ್ಟ್ ಒಳಗೆ ಬಿಟ್ಕೊಳಲ್ಲ. ನಮ್ಮಲ್ಲಿ ಹಂಗಿಲ್ಲ. ಪೂರನ್ ಮಲ್ ಕೇಸಲ್ಲಿ 1974ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಸರ್ಚ್ ಮಾಡಿದ ರೀತಿ ತಪ್ಪಿದ್ರೂ ಸಿಕ್ಕಿದ ವಸ್ತು ಕೇಸಿಗೆ ಸಂಬಂಧಪಟ್ಟಿದ್ರೆ ಬರೀ ಅದೊಂದೇ ಕಾರಣಕ್ಕೆ ಸಾಕ್ಷ್ಯನ ತಳ್ಳಿಹಾಕೋಕಾಗಲ್ಲ ಅಂತ. ಹಂಗಾಗಿ ಡಿಕ್ಕಿಗೆ ಅಡ್ಡ ನಿಂತು ಆಗಲ್ಲ ಅಂದ್ರೆ ನಿಮಗೆ ಲಾಭ ಕಮ್ಮಿ, ಜೊತೆಗೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಇನ್ನೊಂದು ಸೆಕ್ಷನ್ ಮೈಮೇಲೆ ಬರಬಹುದು. ಹಂಗಂತ ನೀವು ಸುಮ್ಮನೆ ಇರಬೇಕು ಅಂತಲ್ಲ. ನಮ್ಮ ಕಾನೂನಲ್ಲಿ ಪೊಲೀಸರ ಕೈ ಕಟ್ಟಿರೋದು ಬರವಣಿಗೆಯಿಂದ, ಯಾರು ಯಾವಾಗ ಯಾಕೆ ಹುಡುಕಿದ್ರು ಏನು ತಗೊಂಡ್ರು ಅನ್ನೋದು ದಾಖಲೆ ಆಗಬೇಕು, ನೀವು ಕೇಳಬೇಕಾಗಿರೋದು ಅದನ್ನ.

ಮೊದಲು ನಿಲ್ಲಿಸೋ ವಿಷಯ. ಯೂನಿಫಾರ್ಮಲ್ಲಿರೋ ಪೊಲೀಸ್ ಕೈ ತೋರಿಸಿದ್ರೆ ನಿಲ್ಲಿಸಲೇಬೇಕು, ಲೈಸೆನ್ಸ್ ಕೇಳಿದ್ರೆ ತೋರಿಸಲೇಬೇಕು, ಲೈಸೆನ್ಸ್ ತೋರಿಸೋ ಮಾತು ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 130ರಲ್ಲಿ ನೇರವಾಗಿ ಇದೆ, ಕಾನ್ಸ್‌ಟೇಬಲ್ ಕೇಳಿದ್ರೂ ಅಷ್ಟೆ. ಆದ್ರೆ ಒರಿಜಿನಲ್ ಕಾರ್ಡೇ ಬೇಕು ಅನ್ನೋ ಹಾಗಿಲ್ಲ, 2018ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 139ರಲ್ಲೇ ಡಿಜಿಟಲ್ ರೂಪದ ದಾಖಲೆಗೂ ಅದೇ ಬೆಲೆ, ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಲ್ಲಿ ತೋರಿಸಿದ್ರೆ ಸಾಕು. ಗ್ಯಾಲರಿಲಿರೋ ಫೋಟೋ ತೋರಿಸಬೇಡಿ, ಅದು ನಡೆಯಲ್ಲ. ಫೈನ್ ಕಟ್ಟಿಸ್ಕೊಳೋ ಅಧಿಕಾರ ಮಾತ್ರ ಎಲ್ಲರಿಗೂ ಇಲ್ಲ, ಸೆಕ್ಷನ್ 200ರ ಪ್ರಕಾರ ಯಾವ ರ‍್ಯಾಂಕಿನವರು ಅಂತ ರಾಜ್ಯ ಸರ್ಕಾರ ನೋಟಿಫಿಕೇಶನ್ ಮಾಡಿರುತ್ತೆ, ರಸೀದಿ ಇಲ್ದೆ ಕೈಗೆ ದುಡ್ಡು ಕೊಟ್ರೆ ಅದು ಫೈನ್ ಅಲ್ಲ ಅನ್ನೋದು ನಿಮಗೂ ಗೊತ್ತು.

ಕೀ ಕಿತ್ಕೊಳ್ಳೋದರ ಬಗ್ಗೆ ನನಗೆ ತುಂಬ ಬೇಜಾರಿದೆ. ಇಡೀ ಕಾಯ್ದೆಲಿ ಪೇಪರ್ ಚೆಕ್ ಮಾಡೋವಾಗ ಕೀ ತೆಗೆದುಕೊಳ್ಳಿ ಅಂತ ಒಂದು ಸೆಕ್ಷನ್ನೂ ಇಲ್ಲ. ಗಾಡಿ ಹಿಡಿದಿಟ್ಕೊಳೋ ಅಧಿಕಾರ ಸೆಕ್ಷನ್ 207ರಲ್ಲಿದೆ, ಆದ್ರೆ ಅದು ಲೈಸೆನ್ಸೇ ಇಲ್ಲದೇ ಓಡಿಸೋದು, ವಯಸ್ಸಾಗದೇ ಓಡಿಸೋದು, ರಿಜಿಸ್ಟ್ರೇಷನ್ ಇಲ್ಲದ ಗಾಡಿ, ಪರ್ಮಿಟ್ ಇಲ್ಲದ್ದು, ಇಂಥವಕ್ಕೆ. ಹೆಲ್ಮೆಟ್ ಇಲ್ಲ, ಬೆಲ್ಟ್ ಹಾಕಿಲ್ಲ ಅಂತ 207 ಹಾಕೋಕೆ ಬರಲ್ಲ.

ಈಗ ಡಿಕ್ಕಿ. 130ರಲ್ಲಿ ಡಿಕ್ಕಿ ಮಾತೇ ಇಲ್ಲ, ಅದು ಬರೀ ದಾಖಲೆಗೆ. ಒಳಗಿನ ಸಾಮಾನು ನೋಡಬೇಕು ಅಂದ್ರೆ ಅವರಿಗೆ ಬೇರೆ ಕಾನೂನಿನ ಆಸರೆ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್‌ನಲ್ಲಿ ಸೆಕ್ಷನ್ 185 ಇದೆ, ಹಳೇ ದಂಡ ಪ್ರಕ್ರಿಯಾ ಸಂಹಿತೆ ಅಂದ್ರೆ ಸಿಆರ್‌ಪಿಸಿಲಿ 165 ಇತ್ತಲ್ಲ ಅದೇ. ಯಾವುದೋ ಅಪರಾಧದ ತನಿಖೆಗೆ ಬೇಕಾದ ವಸ್ತು ಇಲ್ಲಿದೆ, ವಾರಂಟ್ ತರೋಷ್ಟು ಟೈಮಿಲ್ಲ ಅನ್ನೋಕೆ ಕಾರಣ ಇದ್ರೆ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ಆ ಕಾರಣನ ಬರೆದಿಟ್ಟು ಆಮೇಲೆ ಹುಡುಕಬಹುದು. ಸೆಕ್ಷನ್ 106ರಲ್ಲಿ ಕಳ್ಳಮಾಲು ಅಂತ ಅನುಮಾನ ಬಂದ ವಸ್ತುನ ಜಪ್ತಿ ಮಾಡಬಹುದು. ಮಾದಕ ವಸ್ತು ಕಾಯ್ದೆ ಎನ್‌ಡಿಪಿಎಸ್‌ನಲ್ಲಿ ಗಾಡಿ ನಿಲ್ಲಿಸಿ ಹುಡುಕೋಕೆ ಇನ್ನೂ ದೊಡ್ಡ ಅಧಿಕಾರನೇ ಕೊಟ್ಟಿದಾರೆ. ಅಂದ್ರೆ ವಾರಂಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಸರ್ಚ್ ತಪ್ಪಾಗಲ್ಲ, ಯಾವ ಕಾರಣನೂ ಹೇಳದೆ ಬರೀ ಟ್ರಾಫಿಕ್ ಚೆಕಿಂಗ್ ಅಂತ ಬ್ಯಾಗ್ ಜಾಲಾಡಿದ್ರೆ ಅದು ಪ್ರಶ್ನೆ ಮಾಡಬೇಕಾದ್ದು. ಅಲ್ಲಿ ನಿಂತಾಗ ಕೇಳೋ ಮಾತು ಸಿಂಪಲ್: 'ಸರ್, ಏನು ಅನುಮಾನ, ಯಾವ ಕೇಸಿಗೆ ನೋಡ್ತಿದೀರ, ವಿಡಿಯೋ ಆಗ್ತಿದೆಯಾ?' ಯಾಕಂದ್ರೆ ಈಗ ಬಿಎನ್‌ಎಸ್‌ಎಸ್ ಸೆಕ್ಷನ್ 105 ಮತ್ತೆ 185 ಎರಡರಲ್ಲೂ ಹುಡುಕಾಟ, ಜಪ್ತಿ ಆಡಿಯೋ ವಿಡಿಯೋ ರೆಕಾರ್ಡ್ ಆಗಬೇಕು ಅಂತ ಇದೆ, ಮೊಬೈಲಲ್ಲಾದ್ರೂ ಸರಿ. ನೀವೂ ರೆಕಾರ್ಡ್ ಮಾಡ್ಕೋಬಹುದು, ಮುಖಕ್ಕೆ ಹಿಡಿದು ಕೂಗಾಡಬೇಡಿ, ಎದೆ ಮಟ್ಟದಲ್ಲಿ ಹಿಡ್ಕೊಂಡು ಒಂದೆರಡು ಹೆಜ್ಜೆ ಹಿಂದೆ ನಿಂತ್ರೆ ಸಾಕು.

ಏನಾದ್ರೂ ತಗೊಂಡ್ರೆ ಅಲ್ಲೇ ಪಟ್ಟಿ ಆಗಬೇಕು, ಸಾಕ್ಷಿಗಳ ಸಹಿ ಆಗಬೇಕು. ಇದು ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನನ್ನ ಒಬ್ಬ ಕಕ್ಷಿದಾರ, ಗೂಡ್ಸ್ ಗಾಡಿ ಡ್ರೈವರ್ ಹುಡುಗ, ಸೀಟ್ ಕೆಳಗೆ ಗಾಂಜಾ ಸಿಕ್ತು ಅಂತ ಐದು ತಿಂಗಳು ಜೈಲಲ್ಲಿದ್ದ. ಅವತ್ತು ರಾತ್ರಿ ಟಾರ್ಚ್ ಬೆಳಕಲ್ಲಿ ಬಾನೆಟ್ ಮೇಲೆ ಖಾಲಿ ಹಾಳೆ ಇಟ್ಟು ಸೈನ್ ಹಾಕು ಅಂದ್ರಂತೆ, ಹಾಕಿಬಿಟ್ಟ. ಮಹಜರಲ್ಲಿ ರಾತ್ರಿ 11.15 ಅಂತ ಬರೆದಿದ್ರು, ಅವನ ಓನರ್ ಫೋನಿಗೆ ಅದೇ ರಾತ್ರಿ 11.21ಕ್ಕೆ ಮೂವತ್ತು ಕಿಲೋಮೀಟರ್ ದೂರದ ಟೋಲಿಂದ ಫಾಸ್ಟ್ಯಾಗ್ ಮೆಸೇಜ್ ಬಂದಿತ್ತು. ಆ ಒಂದು ಮೆಸೇಜ್ ಅಳಿಸಿಹೋಗಿದ್ರೆ ನಾನು ಕೋರ್ಟಲ್ಲಿ ಏನು ತೋರಿಸ್ತಿದ್ದೆ ಅಂತ ಈಗಲೂ ನೆನೆಸ್ಕೋತೀನಿ. ದಯವಿಟ್ಟು ಖಾಲಿ ಹಾಳೆಗೆ ಸೈನ್ ಹಾಕಬೇಡಿ, ಎಷ್ಟು ಬೈದ್ರೂ ಸರಿ, ಓದಿ ಟೈಮ್ ನೋಡಿ ಪಕ್ಕದಲ್ಲಿ ನಿಮ್ಮ ಕೈಬರಹದಲ್ಲೇ ತಾರೀಕು ಗಂಟೆ ಬರೆದು ಹಾಕಿ.

ಮೈ ತಪಾಸಣೆ ಬೇರೆ. ಎನ್‌ಡಿಪಿಎಸ್ ಸೆಕ್ಷನ್ 50ರಲ್ಲಿ ನಿಮ್ಮ ಮೈ ಹುಡುಕೋಕೆ ಮುಂಚೆ, ಗೆಜೆಟೆಡ್ ಆಫೀಸರ್ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ನಡೀಲಿ ಅಂತ ಕೇಳೋ ಹಕ್ಕು ನಿಮಗಿದೆ ಅಂತ ಅವರೇ ತಿಳಿಸಬೇಕು, 1999ರ ಬಲದೇವ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟಿನ ಐದು ಜನರ ಪೀಠ ಇದನ್ನ ಗಟ್ಟಿ ಮಾಡಿದೆ. ಆದ್ರೆ ಬ್ಯಾಗಿಗೆ, ಗಾಡಿಗೆ ಇದು ಅನ್ವಯ ಆಗಲ್ಲ, ತುಂಬ ಜನ ಇಲ್ಲೇ ತಪ್ಪು ತಿಳ್ಕೊಳೋದು. ಹೆಂಗಸರ ಮೈನ ಹೆಂಗಸರೇ ಮುಟ್ಟಬೇಕು, ಇದರಲ್ಲಿ ರಾಜಿಯೇ ಇಲ್ಲ.

ಫೋನ್ ವಿಷಯದಲ್ಲಿ ನೀವು ಆಗಲ್ಲ ಅನ್ನಬಹುದಿತ್ತು. ಪಾಸ್‌ವರ್ಡ್ ಕೊಡು ಅಂತ ತನಿಖಾಧಿಕಾರಿ ಕೇಳಬಹುದು, ಆರೋಪಿ ಕೊಡಲ್ಲ ಅಂದ್ರೆ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು ಅಂತ 2021ರಲ್ಲಿ ವೀರೇಂದ್ರ ಖನ್ನಾ ಕೇಸಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಆರೋಪಿಗೇ ಹಿಂಗಿದ್ದಾಗ ಯಾವ ಕೇಸೂ ಇಲ್ಲದ ನಿಮ್ಮ ವಾಟ್ಸಾಪ್‌ನ ರೋಡಲ್ಲಿ ನಿಂತು ಓದೋದು ಹೆಂಗೆ ಸರಿ? ಮುಂದಿನ ಸಲ ಡಿಜಿಲಾಕರ್ ತೋರಿಸುವಾಗಲೂ ಫೋನ್ ನಿಮ್ಮ ಕೈಯಲ್ಲೇ ಇರಲಿ.

ಕುಡಿದು ಓಡಿಸೋದು ಇದಕ್ಕೆಲ್ಲ ಹೊರತು. ಅನುಮಾನಕ್ಕೆ ಕಾರಣ ಇದ್ರೆ ಊದು ಅನ್ನಬಹುದು, ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಊದಲ್ಲ ಅಂತ ಹಠ ಮಾಡಿದ್ರೆ ಅದೇ ನಿಮ್ಮ ವಿರುದ್ಧ ತಿರುಗುತ್ತೆ. ಅರೆಸ್ಟ್ ಮಾಡಿದ್ರೆ ಎರಡು ಗಂಟೆ ಒಳಗೆ ಡಾಕ್ಟರ್ ಹತ್ರ ಪರೀಕ್ಷೆ ಮಾಡಿಸಬೇಕು, ಇಲ್ಲಾಂದ್ರೆ ಬಿಡಬೇಕು, ಮೋಟಾರು ವಾಹನ ಕಾಯ್ದೆ ಸೆಕ್ಷನ್ 202. ಯಾವ ಅರೆಸ್ಟ್ ಆದ್ರೂ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು.

ಕೊನೆಗೆ ನಿಮ್ಮ ಡಿಎಲ್. ಅದೇ ಕಾಯ್ದೆ ಸೆಕ್ಷನ್ 206ರಲ್ಲಿ ಲೈಸೆನ್ಸ್ ತಗೊಳೋಕೆ ಅವಕಾಶ ಇದೆ, ಅದು ನಕಲಿ ಅನ್ನಿಸಿದಾಗ, ಕೇಸ್ ಆದೋರು ತಪ್ಪಿಸ್ಕೊಂಡು ಹೋಗಬಹುದು ಅನ್ನಿಸಿದಾಗ, ಇಲ್ಲಾ ಓವರ್‌ಸ್ಪೀಡ್, ಡ್ರಿಂಕ್ ಅಂಡ್ ಡ್ರೈವ್, ಹೆಲ್ಮೆಟ್ ಇಲ್ಲದ್ದು, ಇಂಥ ಕೆಲವು ಅಪರಾಧಕ್ಕೆ. ತಗೊಂಡ್ರೆ ಸ್ವೀಕೃತಿ ಪತ್ರ ಕೊಡಲೇಬೇಕು. ನಿಮ್ಮ ಮೇಲೆ ಯಾವ ಕೇಸೂ ಹಾಕಿಲ್ಲ, ಪತ್ರನೂ ಕೊಟ್ಟಿಲ್ಲ, ಹಂಗಾಗಿ ಬರಿಗೈಲಿ ಸ್ಟೇಷನ್‌ಗೆ ಹೋಗಬೇಡಿ. ಒಂದು ಅರ್ಜಿ ಬರೀರಿ, ಇಂಥ ತಾರೀಕು, ಇಂಥ ಟೈಮ್, ಇಂಥ ಜಾಗದಲ್ಲಿ ನನ್ನ ಡಿಎಲ್ ತಗೊಂಡಿದಾರೆ, ಸ್ವೀಕೃತಿ ಕೊಟ್ಟಿಲ್ಲ, ಯಾವ ಸೆಕ್ಷನ್ ಅಂತ ತಿಳಿಸಿ ಅಥವಾ ವಾಪಸ್ ಕೊಡಿ ಅಂತ, ಇಷ್ಟೇ, ಫೋನ್ ನೋಡಿದ್ದು ಕೀ ಕಿತ್ಕೊಂಡಿದ್ದು ಎಲ್ಲ ಇದರಲ್ಲಿ ಸೇರಿಸಬೇಡಿ, ಅದಕ್ಕೆ ಬೇರೆ ದೂರು ಕೊಡಬಹುದು. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲ್ ಹಾಕಿಸ್ಕೊಳಿ. ಸೀಲ್ ಹಾಕಲ್ಲ ಅಂದ್ರೆ ಜಗಳ ಬೇಡ, ಅದೇ ಅರ್ಜಿನ ಪೋಸ್ಟಲ್ಲಿ ಸ್ಟೇಷನ್‌ಗೂ ಎಸ್‌ಪಿ ಅಥವಾ ಕಮಿಷನರ್ ಆಫೀಸಿಗೂ ಕಳಿಸಿ ರಸೀದಿ ಇಟ್ಕೊಳಿ. ಒಬ್ಬರೇ ಹೋಗಬೇಡಿ, ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕರ್ಕೊಂಡು ಹಗಲು ಹೊತ್ತಲ್ಲಿ ಹೋಗಿ, ಅವರು ಏನಂದ್ರು ಅಂತ ಇಲ್ಲೇ ಕೆಳಗೆ ಬರೀರಿ, ಮುಂದಿನ ಹೆಜ್ಜೆ ನಾನು ಹೇಳ್ತೀನಿ.