ಮೊದಲ ಕೈತೋಟ: ಜಾಗಕ್ಕಿಂತ ಮೊದಲು ನೀರಿನ ಲೆಕ್ಕ

ಪ್ರಶ್ನೆ: ಚಿತ್ರದುರ್ಗದ ಹೊರವಲಯದಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಿತ್ತಲಲ್ಲಿ 20 ಅಡಿ ಉದ್ದ, 15 ಅಡಿ ಅಗಲದ ಜಾಗ ಉಳಿದಿದೆ. ತರಕಾರಿ ಬೆಳೆಯುವ ಆಸೆಯಿದೆ, ಆದರೆ ಈವರೆಗೆ ಒಂದು ಗಿಡ ನೆಟ್ಟೂ ಗೊತ್ತಿಲ್ಲ. ಕೊಳವೆಬಾವಿಯ ನೀರು ಗಡುಸಾಗಿದೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಇಡೀ ಹಿತ್ತಲನ್ನು ಒಮ್ಮೆಗೇ ಅಗೆಸಬೇಡಿ. ಮೊದಲ ಹಂಗಾಮಿಗೆ 10 ಅಡಿ ಉದ್ದ, 4 ಅಡಿ ಅಗಲದ ಒಂದೇ ಮಡಿ ಸಾಕು. ಅಗಲ ಇಷ್ಟೇ ಇದ್ದರೆ ಮಣ್ಣು ತುಳಿಯದೆ ಎರಡೂ ಬದಿಯಿಂದ ಕೈ ಚಾಚಿ ಕಳೆ ಕೀಳಬಹುದು. ಇಂತಹ ಒಂದು ಮಡಿಗೆ ಸಾಧಾರಣ ದಿನಗಳಲ್ಲಿ ಸುಮಾರು 20 ಲೀಟರ್, ಏಪ್ರಿಲ್ ಬಿಸಿಲಿನಲ್ಲಿ 30 ಲೀಟರ್ ನೀರು ಬೇಕಾಗುತ್ತದೆ. ಓಡಾಡುವ ದಾರಿ ಬಿಟ್ಟು ಐದು ಮಡಿ ಮಾಡಿದಿರೆಂದರೆ ಬೇಸಿಗೆಯಲ್ಲಿ ದಿನಕ್ಕೆ 150 ಲೀಟರ್ ಹೊಂದಿಸಬೇಕಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಕೈತೋಟಗಳು ಯುಗಾದಿ ಕಳೆಯುವಷ್ಟರಲ್ಲಿ ಒಣಗಿ ನಿಲ್ಲುವುದು ಬಹುಪಾಲು ಈ ಲೆಕ್ಕ ತಪ್ಪಿದ್ದರಿಂದಲೇ ಹೊರತು ಆಸಕ್ತಿ ಕಡಿಮೆಯಾದದ್ದರಿಂದಲ್ಲ.

ಹೊಸ ಮನೆಯ ಹಿತ್ತಲಲ್ಲಿ ಇರುವುದು ಸಾಮಾನ್ಯವಾಗಿ ಬೆಳೆಯುವ ಮಣ್ಣಲ್ಲ; ಪಾಯ ತೋಡಿದಾಗ ಮೇಲೆ ಬಂದ ಗರಸು, ಸಿಮೆಂಟಿನ ಹೆಂಟೆ ಮತ್ತು ಇಟ್ಟಿಗೆ ಚೂರು. ಮಡಿಯ ಜಾಗವನ್ನು ಒಂದು ಅಡಿ ಆಳ ಅಗೆದು, ಗಾರೆಯ ಚೂರುಗಳನ್ನೆಲ್ಲ ಆರಿಸಿ ಹೊರಗೆ ಹಾಕಿ. ಅವು ಉಳಿದಷ್ಟೂ ಮಣ್ಣಿನ ಕ್ಷಾರಗುಣ ಹೆಚ್ಚುತ್ತದೆ. ಅನಂತರ ಸುಮಾರು 20 ಕಿಲೊ ಕೊಟ್ಟಿಗೆ ಗೊಬ್ಬರ ಬೆರೆಸಿ. ಗೊಬ್ಬರ ಚೆನ್ನಾಗಿ ಕಳಿತಿರಬೇಕು, ಅಂದರೆ ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಪುಡಿಯಾಗಿ ಉದುರಬೇಕು, ಸಗಣಿಯ ವಾಸನೆ ಇರಬಾರದು. ಹಸಿ ಸಗಣಿ ಹಾಕಿದರೆ ಗೆದ್ದಲು ಮತ್ತು ಗೊಣ್ಣೆಹುಳುಗಳನ್ನು ಕರೆದು ಕೂರಿಸಿದಂತೆ. ಗರಸು ಮಣ್ಣಿನಲ್ಲಿ ನೀರು ಬೇಗ ಬಸಿದುಹೋಗುವುದರಿಂದ, ಮಡಿಯನ್ನು ನೆಲಮಟ್ಟಕ್ಕಿಂತ ಮೂರು ನಾಲ್ಕು ಇಂಚು ತಗ್ಗಿನಲ್ಲಿಡಿ. ಚಿತ್ರಗಳಲ್ಲಿ ಕಾಣುವ ಏರುಮಡಿ ನೋಡಲು ಚೆಂದ, ಆದರೆ ನಿಮ್ಮ ನೆಲಕ್ಕೆ ಹೊಂದುವುದಿಲ್ಲ.

ಗಡುಸು ನೀರಿನ ಬಗ್ಗೆ ನಿಮ್ಮ ಆತಂಕ ಸರಿಯಾದದ್ದು. ದಿನವೂ ಮೇಲ್ಮೇಲೆ ಚಿಮುಕಿಸಿದ ನೀರು ಆರಿದ ಮೇಲೆ ಅದರಲ್ಲಿದ್ದ ಲವಣ ಮಣ್ಣಿನ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತದೆ. ಆದ್ದರಿಂದ ಮೊಳಕೆಗಳು ಬೇರು ಬಿಟ್ಟ ಮೇಲೆ ಒಂದೆರಡು ದಿನ ಬಿಟ್ಟು, ನೀರು ಬೇರಿನ ಆಳಕ್ಕೆ ಇಳಿಯುವಂತೆ ಒಮ್ಮೆಗೇ ಹಾಯಿಸಿ. ಮೊಳಕೆಯ ಹಂತಕ್ಕೇ ಲವಣದ ಬಾಧೆ ಹೆಚ್ಚು. ತಾರಸಿಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟು ಮೊದಲ ಹತ್ತು ದಿನಕ್ಕೆ ಬಳಸಿದರೂ ವ್ಯತ್ಯಾಸ ಕಾಣುತ್ತದೆ. ಬೀನ್ಸ್ ಲವಣವನ್ನು ಸ್ವಲ್ಪವೂ ತಾಳದು, ಅದನ್ನು ಸದ್ಯಕ್ಕೆ ಮರೆತುಬಿಡಿ. ಬೀಟ್‌ರೂಟ್, ಪಾಲಕ್ ಮತ್ತು ಗೋರಿಕಾಯಿ ಸಾಕಷ್ಟು ತಾಳಿಕೊಳ್ಳುತ್ತವೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಮತ್ತು ನೀರನ್ನು ಪರೀಕ್ಷೆ ಮಾಡಿಸಿಕೊಂಡರೆ ಊಹೆಯ ಮೇಲೆ ಗೊಬ್ಬರ ಸುರಿಯುವುದು ತಪ್ಪುತ್ತದೆ. ವರದಿಯಲ್ಲಿ ರಸಸಾರ (ಹುಳಿ-ಕ್ಷಾರಗುಣದ ಅಳತೆ, pH) ಮತ್ತು ಲವಣಾಂಶದ ಸಾಲುಗಳನ್ನು ಮೊದಲು ನೋಡಿ.

ಕಾಲದ ವಿಚಾರಕ್ಕೆ ಬಂದರೆ, ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಆಷಾಢದ ಗಾಳಿಯ ರಭಸವನ್ನು ವಿವರಿಸಬೇಕಾಗಿಲ್ಲ. ಅದು ಮಣ್ಣಿನ ತೇವವನ್ನೂ ಎಳೆಯ ಗಿಡವನ್ನೂ ಒಟ್ಟಿಗೇ ಒಣಗಿಸುತ್ತದೆ. ಜಿಲ್ಲೆಗೆ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಹೀಗಾಗಿ ಹೊಸಬರು ಆಷಾಢದಲ್ಲಿ ಮಡಿ ಸಿದ್ಧಮಾಡಿ, ಪಶ್ಚಿಮದ ಅಂಚಿಗೆ ಮುಸುಕಿನ ಜೋಳದ ಒಂದು ಸಾಲು ಬೆಳೆಸಿ, ಗಣೇಶನ ಹಬ್ಬದ ಹೊತ್ತಿಗೆ ತರಕಾರಿ ಬಿತ್ತುವುದು ಲೇಸೆಂದು ನನ್ನ ಅಭಿಪ್ರಾಯ.

ಬಿತ್ತನೆಗೆ ಮೆಂತ್ಯ, ಹರಿವೆ, ಗೋರಿಕಾಯಿ ಮತ್ತು ಬೆಂಡೆ ಸಾಕು. ಸೊಪ್ಪು ತಿಂಗಳೊಳಗೆ ಅಡುಗೆಮನೆ ಸೇರುತ್ತದೆ, ಹೊಸಬರಿಗೆ ಅಷ್ಟು ಬೇಗ ಫಲ ಕಾಣುವುದೂ ಮುಖ್ಯ. ಹರಿವೆಯ ಬೀಜ ಬಹಳ ಸಣ್ಣದು, ಒಣ ಮರಳಿನೊಂದಿಗೆ ಬೆರೆಸಿ ಚೆಲ್ಲಿ. ಬೆಂಡೆಯಲ್ಲಿ ಹಳದಿ ನಂಜು ರೋಗದ ಕಾಟ ಹೆಚ್ಚಾದ್ದರಿಂದ, ಅದನ್ನು ತಡೆದುಕೊಳ್ಳುವಂತೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಅನಾಮಿಕಾ ತಳಿಯನ್ನು ಆರಿಸಿಕೊಳ್ಳಿ. ಬೀಜವನ್ನು ರಾತ್ರಿ ನೆನೆಸಿಟ್ಟು, ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು, ಒಂದು ಇಂಚಿಗಿಂತ ಆಳ ಹೋಗದಂತೆ ಊರಿ. ಸುಮಾರು 50 ದಿನಕ್ಕೆ ಕಾಯಿ ಬರಲಾರಂಭಿಸುತ್ತದೆ. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ತುದಿ ಚಟ್ಟೆಂದು ಮುರಿಯುವ ಎಳೆತನದಲ್ಲಿ ಕೀಳದೆ ನಾರು ಕಟ್ಟಲು ಬಿಟ್ಟರೆ ಗಿಡ ಹೊಸ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಟೊಮೆಟೊ ಎಲ್ಲರ ಮೊದಲ ಆಸೆ, ಆದರೆ ಅದಕ್ಕೆ ಸಸಿಮಡಿ, ಊರುಗೋಲು, ರೋಗದ ಉಪಚಾರ ಎಲ್ಲವೂ ಬೇಕು. ಎರಡನೆಯ ವರ್ಷಕ್ಕಿರಲಿ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಎರೆಮಣ್ಣು. ಅಡುಗೆಮನೆಯ ಕೊತ್ತಂಬರಿ ಕಾಳನ್ನೇ ಎರಡು ಬಾರಿ ಬಿತ್ತಿದರೂ ಅಲ್ಲೊಂದು ಇಲ್ಲೊಂದು ಮಾತ್ರ ಮೊಳೆತಿದೆ. ಕಾರಣವೇನು?

ಉತ್ತರ: ಕೊತ್ತಂಬರಿಯ ಒಂದು ಕಾಳು ವಾಸ್ತವದಲ್ಲಿ ಎರಡು ಬೀಜಗಳ ಜೋಡಿ. ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ, ಕಾಳು ನುಚ್ಚಾಗದೆ ಎರಡು ಹೋಳಾಗುವಂತೆ ಮಾಡಿ ಬಿತ್ತಬೇಕು. ಅಂಗಡಿಯ ಸಾಂಬಾರ ಕಾಳು ಹಳೆಯದಾಗಿದ್ದರೆ ಹೇಗೆ ಬಿತ್ತಿದರೂ ಮೊಳೆಯದು. ಹಿಡಿಯಷ್ಟನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊದಲು ಪರೀಕ್ಷಿಸಿ. ಇನ್ನೊಂದು ಕಾರಣ ಮಣ್ಣಿನದು. ಎರೆಮಣ್ಣು ನೀರು ಹಾಕಿದ ಮೇಲೆ ಒಣಗುವಾಗ ಹೆಪ್ಪುಗಟ್ಟಿ, ಮೊಳಕೆ ಮೇಲೇಳದಂತೆ ತಡೆಯುತ್ತದೆ. ಬೀಜದ ಮೇಲೆ ಅದೇ ಮಣ್ಣನ್ನು ಮುಚ್ಚದೆ, ಜರಡಿ ಹಿಡಿದ ಗೊಬ್ಬರವನ್ನು ಅರ್ಧ ಇಂಚಿನಷ್ಟು ಹರಡಿ, ಮೇಲೊಂದು ಗೋಣಿತಾಟು ಹೊದಿಸಿ ತೇವ ಆರದಂತೆ ನೋಡಿಕೊಳ್ಳಿ. ಮೊಳಕೆಗೆ ಎಂಟರಿಂದ ಹದಿನೈದು ದಿನ ಹಿಡಿಯುತ್ತದೆ. ಮೊದಲ ಮೊಳಕೆ ಕಂಡ ದಿನ ಸಂಜೆಯೇ ಗೋಣಿ ತೆಗೆಯಿರಿ, ತಡವಾದರೆ ಮೊಳಕೆಗಳು ಬಿಳಿಚಿಕೊಂಡು ಬಾಗುತ್ತವೆ.