ಫಾರ್ಮ್‌ನಲ್ಲಿ ಡಿಲೀಟ್ ಮಾಡಿದ ರೆಕಾರ್ಡ್ ಮತ್ತೆ ಯಾಕೆ ಬರುತ್ತದೆ?

ರಾಯಚೂರಿನ ಹತ್ತಿ ಅಂಗಡಿಗೆ ವಿಬಿ ಡಾಟ್ ನೆಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫಾರ್ಮ್ ಮಾಡಿದ್ದೀರಿ. ರೈತರ ಪಟ್ಟಿ ಗ್ರಿಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ರಿಮೂವ್‌ಅಟ್ ಬಳಸಿ ಅಳಿಸಿದ ಸಾಲು ಫಾರ್ಮ್ ಮತ್ತೆ ತೆರೆದಾಗ ವಾಪಸ್ ಬರುತ್ತದೆ, ಅಲ್ವಾ?

ಗ್ರಿಡ್‌ನಲ್ಲಿ ಕಾಣೋದು ಡೇಟಾಬೇಸ್‌ನಿಂದ ತಂದ ಡೇಟಾಟೇಬಲ್ ಅನ್ನೋ ನಕಲು ಮಾತ್ರ. ರಿಮೂವ್‌ಅಟ್ ಆ ನಕಲಿನಿಂದ ಸಾಲನ್ನು ಕಿತ್ತು ಹಾಕುತ್ತದೆ, ಗುರುತೇ ಉಳಿಯೋದಿಲ್ಲ. ಆಮೇಲೆ, ನಕಲಿನ ಬದಲಾವಣೆಗಳನ್ನು ಡೇಟಾಬೇಸ್‌ಗೆ ಒಯ್ಯುವ ಅಡಾಪ್ಟರ್‌ನ ಅಪ್‌ಡೇಟ್ ಕರೆದರೂ ಡೇಟಾಬೇಸ್‌ನಲ್ಲಿ ಯಾವುದನ್ನು ಅಳಿಸಬೇಕೆಂದು ಅದಕ್ಕೆ ಗೊತ್ತಾಗೋದಿಲ್ಲ. ಬದಲಿಗೆ ಆ ಸಾಲಿನ ಮೇಲೆ ಡಿಲೀಟ್ ಕರೆಯಿರಿ, ನಂತರ ಅಪ್‌ಡೇಟ್. ಟೇಬಲ್‌ಗೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಇದ್ದರೆ ಡಿಲೀಟ್ ಕಮಾಂಡನ್ನು ಕಮಾಂಡ್‌ಬಿಲ್ಡರ್ ತಾನೇ ಬರೆದುಕೊಡುತ್ತದೆ.

ದಯವಿಟ್ಟು ಹೆಸರು ಹಿಡಿದು ಅಳಿಸಬೇಡಿ. ಒಂದೇ ಊರಲ್ಲಿ ನಾಲ್ಕು ಜನ ಬಸವರಾಜ ಇರುತ್ತಾರೆ. ರೈತರ ದುಡ್ಡಿನ ಲೆಕ್ಕ ಅದು, ಅಳಿಸೋ ಮುಂಚೆ ‘ಬಸವರಾಜ, 12 ಕ್ವಿಂಟಲ್, ಅಳಿಸಲೇ?’ ಎಂದು ಮೆಸೇಜ್‌ಬಾಕ್ಸ್‌ನಲ್ಲಿ ಕೇಳಿಸಿ.