ಆಯಿಲ್ ಕುಡಿಯುವ ಕಾರಿಗೆ ಅಂಗಡಿಯ ಬಾಟಲಿ ಸಾಕಾ?

ಓದುಗರ ಪ್ರಶ್ನೆಗೆ ಬಳ್ಳಾರಿಯ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ನನ್ನದು 2009ರ ಪೆಟ್ರೋಲ್ ವ್ಯಾಗನ್ ಆರ್. 1,80,000 ಕಿ.ಮೀ. ಓಡಿದೆ. ಆಯಿಲ್ ಬದಲಿಸಿ ಸಾವಿರ ಕಿ.ಮೀ. ಆಗುವಷ್ಟರಲ್ಲಿ ಡಿಪ್‌ಸ್ಟಿಕ್‌ನ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಇಳಿದಿರುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಪಿಕಪ್ ಚೆನ್ನಾಗಿಯೇ ಇದೆ. ಸ್ಪೇರ್ಸ್ ಅಂಗಡಿಯವರು ಒಂದು ಬಾಟಲಿ ಕೊಟ್ಟು ಇದನ್ನು ಹಾಕಿದರೆ ಆಯಿಲ್ ಕುಡಿಯೋದು ನಿಲ್ಲುತ್ತೆ ಅಂತಾರೆ. ಮೆಕ್ಯಾನಿಕ್ ಎಂಜಿನ್ ಬಿಚ್ಚಲೇಬೇಕು ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಗಂಗಾವತಿ

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಆಯಿಲ್ ಯಾವ ದಾರಿಯಲ್ಲಿ ಹೋಗ್ತಿದೆ ಅಂತ ನೋಡದೆ ಬಾಟಲಿ ಹಾಕುವುದೂ ತಪ್ಪು, ಎಂಜಿನ್ ಬಿಚ್ಚುವುದೂ ತಪ್ಪು.

ನಿಮ್ಮ ಪತ್ರದಲ್ಲಿ ಒಂದು ಸುಳಿವು ಇದೆ. ಬೆಳಗ್ಗೆ ಹೊಗೆ, ಆಮೇಲೆ ಇಲ್ಲ. ಇದು ಸಾಮಾನ್ಯವಾಗಿ ವಾಲ್ವ್ ಸೀಲ್, ಅಂದ್ರೆ ಆಯಿಲ್ ಒಳಗೆ ಇಳಿಯದಂತೆ ವಾಲ್ವ್ ಕಡ್ಡಿಗೆ ಹಾಕಿದ ರಬ್ಬರ್ ಟೋಪಿ, ಸೋತ ಲಕ್ಷಣ. ರಾತ್ರಿ ಗಾಡಿ ನಿಂತಾಗ ಮೇಲೆ ಉಳಿದ ಆಯಿಲ್ ವಾಲ್ವ್ ಕಡ್ಡಿ ಗುಂಟ ಹನಿಹನಿಯಾಗಿ ಒಳಗೆ ಇಳಿಯುತ್ತದೆ. ಬೆಳಗ್ಗೆ ಅದು ಉರಿದು ನೀಲಿ ಹೊಗೆ ಬರುತ್ತದೆ. ಪಿಸ್ಟನ್ ರಿಂಗ್ ಹೋಗಿದ್ದರೆ ಹೀಗಿರಲ್ಲ. ಲೋಡ್ ಹಾಕಿ ಎಕ್ಸಲರೇಟರ್ ಒತ್ತಿದಾಗ, ಏರು ಹತ್ತುವಾಗ ಹಿಂದೆ ಹೊಗೆ ಕಾಣುತ್ತದೆ. ಪಿಕಪ್ಪೂ ಬಿದ್ದಿರುತ್ತದೆ.

ಲಕ್ಷಣ ನೋಡಿ ಅಷ್ಟಕ್ಕೇ ಬಿಡಬೇಡಿ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ರಾತ್ರಿ ರಟ್ಟು ಹಾಸಿ, ಹೊರಗೆ ಸೋರಿಕೆ ಇದೆಯಾ ನೋಡಿ. ಎಷ್ಟೋ ಸಲ "ಕುಡಿಯುತ್ತಿದೆ" ಅಂದುಕೊಂಡ ಆಯಿಲ್ ಟ್ಯಾಪೆಟ್ ಕವರ್ ಗ್ಯಾಸ್ಕೆಟ್‌ನಿಂದ ಸೋರಿ, ಬಿಸಿ ಎಂಜಿನ್ ಮೇಲೇ ಸುಟ್ಟು ಹೋಗಿರುತ್ತದೆ. ಆಮೇಲೆ ಪಿಸಿವಿ ವಾಲ್ವ್ ತೆಗೆಸಿ. ಎಂಜಿನ್ ಒಳಗಿನ ಗಾಳಿಯನ್ನು ಮತ್ತೆ ಇನ್‌ಟೇಕ್‌ಗೆ ಕಳಿಸುವ ಚಿಕ್ಕ ಸಾಮಾನು ಅದು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನಬೇಕು. ಅನ್ನಲಿಲ್ಲ ಅಂದ್ರೆ ಜಿಡ್ಡು ಕಟ್ಟಿ ಹಿಡಿದುಕೊಂಡಿದೆ. ಅದು ಕೆಟ್ಟರೆ ಗಾಳಿಯ ಜೊತೆ ಆಯಿಲ್ಲೂ ಇನ್‌ಟೇಕ್‌ಗೆ ಹೋಗಿ ಉರಿಯುತ್ತದೆ. ಬೆಲೆ ಕಡಿಮೆ, ಬಿಚ್ಚಿ ಹಾಕುವುದೂ ಸುಲಭ. ಆದರೂ ಯಾರೂ ಮೊದಲು ಅದನ್ನು ನೋಡುವುದಿಲ್ಲ ಅನ್ನುವುದೇ ನನಗೆ ಬೇಜಾರು.

ಇಷ್ಟಾದ ಮೇಲೆ ಕಂಪ್ರೆಷನ್ ಟೆಸ್ಟ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿಯ ಒತ್ತಡ ಎಷ್ಟು ಬರುತ್ತದೆ ಅನ್ನುವ ಅಳತೆ, ಮಾಡಿಸಿ. ಎಂಜಿನ್ ಬಿಚ್ಚಬೇಕಿಲ್ಲ. ಪ್ಲಗ್ ತೆಗೆದು ಅಲ್ಲಿ ಗೇಜ್ ಹಾಕಿ ಸೆಲ್ಫ್ ಹೊಡೆಯುತ್ತಾರೆ. ತೆಗೆದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೀವೂ ನೋಡಿ. ತುದಿ ತಿಳಿ ಕಂದು ಬಣ್ಣದಲ್ಲಿ ಒಣಗಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಕಪ್ಪಗೆ ಒದ್ದೆಯಾಗಿ, ಬೆರಳಿಗೆ ಜಿಡ್ಡು ಹತ್ತಿದರೆ ಆಯಿಲ್ ಬರ್ತಿರೋದು ಅಲ್ಲೇ. ಒಂದು ಸಿಲಿಂಡರ್‌ನಲ್ಲಿ ಕಂಪ್ರೆಷನ್ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಈಗ ಮುಳ್ಳು ಮೇಲೆ ಹೋದರೆ ರಿಂಗ್ ಅಥವಾ ಬೋರ್‌ನ (ಸಿಲಿಂಡರ್ ಒಳಗೋಡೆಯ) ತೊಂದರೆ. ಹೋಗದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲಾ ಹೆಡ್ ಗ್ಯಾಸ್ಕೆಟ್ ನೋಡಬೇಕು. ಎಲ್ಲ ಸಿಲಿಂಡರ್‌ನಲ್ಲೂ ಕಂಪ್ರೆಷನ್ ಸರಿ ಇದ್ದು ಬೆಳಗ್ಗೆ ಮಾತ್ರ ಹೊಗೆ ಅಂದ್ರೆ, ವಾಲ್ವ್ ಸೀಲ್ ಮೇಲೆ ಅನುಮಾನ ಗಟ್ಟಿಯಾಯಿತು.

ಈಗ ಬಾಟಲಿ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ಒಳಗಿರುವುದು ಮಾತ್ರ ಬೇರೆ ಬೇರೆ. ಒಂದು ಥರದ್ದು ಜೇನಿನಂತೆ ಮಂದ. ಅದು ಆಯಿಲ್ಲನ್ನು ದಪ್ಪ ಮಾಡುತ್ತದೆ, ಅಷ್ಟೆ. ಸವೆದ ಜಾಗದಲ್ಲಿ ದಪ್ಪ ಆಯಿಲ್ ನಿಧಾನವಾಗಿ ಜಾರುವುದರಿಂದ ಹೊಗೆ ಕಡಿಮೆಯಾದ ಹಾಗೆ ಕಾಣುತ್ತದೆ. ಸವೆತ ಎಷ್ಟಿತ್ತೋ ಅಷ್ಟೇ ಇರುತ್ತದೆ. ಹಳೆ ಗಾಡಿ ಮಾರುವ ಮುಂಚೆ ಕೆಲವರು ಇದನ್ನೇ ಹಾಕುತ್ತಾರೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಎಚ್ಚರವಾಗಿರಿ.

ಇನ್ನೊಂದು ಥರದ್ದು ರಬ್ಬರ್ ಸೀಲ್ ಮೆತ್ತಗೆ ಮಾಡುವಂಥದ್ದು. ನಿಮ್ಮ ಗಾಡಿಗೆ ಪ್ರಯೋಜನ ಆದರೆ ಇದರಿಂದಲೇ ಆಗಬೇಕು. ಹಳೆ ವಾಲ್ವ್ ಸೀಲ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡ ಟೋಪಿ ಅದು. ಹೊಸದನ್ನು ಬೆರಳಲ್ಲಿ ಒತ್ತಿದರೆ ಬಳುಕಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ವರ್ಷಗಟ್ಟಲೆ ಬೆಂದದ್ದು ಪ್ಲಾಸ್ಟಿಕ್‌ನಂತೆ ಗಟ್ಟಿ, ಇಕ್ಕಳದಲ್ಲಿ ಒತ್ತಿದರೆ ಚಟ್ ಅಂತ ಮುರಿಯುತ್ತದೆ. ಬರೀ ಸ್ವಲ್ಪ ಗಟ್ಟಿಯಾಗಿರುವ ಸೀಲ್‌ಗೆ ಬಾಟಲಿ ಸ್ವಲ್ಪ ಜೀವ ಕೊಡಬಹುದು. ಮುರಿಯುವ ಹಂತಕ್ಕೆ ಬಂದದ್ದಕ್ಕೆ ಯಾವ ಬಾಟಲಿಯೂ ಕೆಲಸ ಮಾಡಲ್ಲ.

ಮೂರನೆಯದು ಒಳಗೆ ತೊಳೆಯುವ ಫ್ಲಶ್. ಪಿಸ್ಟನ್‌ನ ಆಯಿಲ್ ರಿಂಗ್‌ನಲ್ಲಿ ಸಣ್ಣ ಸಂದುಗಳಿರುತ್ತವೆ. ಗೋಡೆಯಿಂದ ಕೆರೆದ ಆಯಿಲ್ ಅಲ್ಲಿಂದಲೇ ವಾಪಸ್ ಇಳಿಯಬೇಕು. ಕಾರ್ಬನ್ ತುಂಬಿ ಸಂದು ಮುಚ್ಚಿ, ರಿಂಗ್ ಅಂಟಿಕೊಂಡರೆ ಆಯಿಲ್ ಮೇಲೆ ಉಳಿದು ಉರಿಯುತ್ತದೆ. ಇಂಥ ಕಡೆ ಫ್ಲಶ್‌ನಿಂದ ನಿಜವಾಗಿ ಗುಣ ಕಾಣುತ್ತದೆ. ಆದರೆ ಬಾಟಲಿ ಮೇಲೆ ಬರೆದಷ್ಟೇ ನಿಮಿಷ, ನಿಂತಲ್ಲೇ ಐಡ್ಲಿಂಗ್‌ನಲ್ಲಿ ಓಡಿಸಿ, ಬಿಸಿ ಇರುವಾಗಲೇ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಬೇಕು. ಹಾಕಿಕೊಂಡು ಸಿಂಧನೂರಿಗೆ ಹೋಗಿ ಬರುವಂಥದ್ದಲ್ಲ. ಒಳಗೆ ಗಸಿ ದಪ್ಪಗೆ ಕಟ್ಟಿದ್ದರೆ ಫ್ಲಶ್ಶೇ ಬೇಡ. ಅದು ತುಂಡಾಗಿ ಕಳಚಿ ಆಯಿಲ್ ಪಂಪ್‌ನ ಜಾಲರಿ ಮುಚ್ಚಿದರೆ ಬೇರಿಂಗ್ ಹೋಗುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಕಪ್ಪು ಗಸಿ ಇದ್ದರೆ ಅಲ್ಲೇ ಕಾಣುತ್ತದೆ.

ಕೆಲವರು ಪ್ಲಗ್ ತೂತಿನಿಂದಲೇ ಕಾರ್ಬನ್ ಕರಗಿಸುವ ದ್ರವ ಬಿಟ್ಟು ರಾತ್ರಿ ನೆನೆಯಲು ಬಿಡುತ್ತಾರೆ. ಅಂಟಿದ ರಿಂಗ್‌ಗೆ ಇದು ಒಳ್ಳೆಯ ಉಪಾಯವೇ. ಆದರೆ ಬೆಳಗ್ಗೆ ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ ಅನಾಹುತ. ಗಾಳಿಯಂತೆ ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಉಳಿದದ್ದನ್ನು ಹೀರಿ ತೆಗೆದು, ಪೆಟ್ರೋಲ್ ಮತ್ತು ಕರೆಂಟ್ ಕನೆಕ್ಷನ್ ಬಿಚ್ಚಿ, ಪ್ಲಗ್ ಇಲ್ಲದೆಯೇ ಎಂಜಿನ್ ತಿರುಗಿಸಬೇಕು. ಆಮೇಲೆ ಆಯಿಲ್ ಬದಲಿಸಲೇಬೇಕು. ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಇನ್ನು ಲೋಹದ ಮೇಲೆ ಲೇಪ ಕೊಟ್ಟು ಸವೆತ ತಡೆಯುತ್ತೇವೆ ಅನ್ನುವ ಬಾಟಲಿಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅಮೆರಿಕದಲ್ಲಿ ಸ್ಲಿಕ್ 50 ಅನ್ನುವ, ಪಿಟಿಎಫ್‌ಇ (ನಾನ್‌ಸ್ಟಿಕ್ ತವಾದ ಲೇಪ) ಇರುವ ಅಡಿಟಿವ್ ಭಾರಿ ಮಾರಾಟವಾಗುತ್ತಿತ್ತು. ಅದರ ಜಾಹೀರಾತಿನ ಮಾತಿಗೆ ಸಾಕಷ್ಟು ಪುರಾವೆ ಇಲ್ಲ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. 1997ರಲ್ಲಿ ಕಂಪನಿ ರಾಜಿಗೆ ಬಂದು, ಪುರಾವೆ ಇಲ್ಲದೆ ಅಂಥ ಮಾತು ಹೇಳುವುದಿಲ್ಲ ಅಂತ ಒಪ್ಪಬೇಕಾಯಿತು. ಸವೆದ ಬೋರ್ ಮತ್ತೆ ತುಂಬುವ ಬಾಟಲಿ ಇನ್ನೂ ಬಂದಿಲ್ಲ. ಬೋರ್ ಹೋಗಿದ್ದರೆ ಲೇತ್‌ಗೆ ಕಳಿಸಲೇಬೇಕು.

ನಿಮ್ಮ ಗಾಡಿಗೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಪಿಸಿವಿ ಹೊಸದು ಹಾಕಿ, ಮುಂದಿನ ಸಲ ಮ್ಯಾನುಯಲ್‌ನ ಚಾರ್ಟ್ ಒಪ್ಪುವ ದಪ್ಪದ ಗ್ರೇಡ್ ಹಾಕುತ್ತಿದ್ದೆ. ನೀವೀಗ 5ಡಬ್ಲ್ಯು-30 ಹಾಕ್ತಿದ್ದರೆ 10ಡಬ್ಲ್ಯು-40 ನೋಡಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲಿಗೆ ಎಸಿ ಹಾಕಿ ಓಡುವ ಹಳೆ ಎಂಜಿನ್‌ಗೆ ಅದರಿಂದ ನೆಮ್ಮದಿ. ಸೀಲ್ ಮೆತ್ತಗೆ ಮಾಡುವ ಬಾಟಲಿಯನ್ನು ಒಂದೇ ಒಂದು ಸಲ ಹಾಕಿ ನೋಡಿ. ಅದು ಸೀಲ್‌ಗೆ ಹಿಡಿಯಲು ಸ್ವಲ್ಪ ಓಡಾಟ ಬೇಕು. ಒಂದು ಆಯಿಲ್ ಬದಲಾವಣೆ ಮುಗಿಯುವಷ್ಟರಲ್ಲಿ ಫರಕು ಕಾಣದಿದ್ದರೆ ಮತ್ತೆ ದುಡ್ಡು ಹಾಕಬೇಡಿ, ವಾಲ್ವ್ ಸೀಲ್ ಬದಲಿಸಿ. ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿದರೆ ಹೆಡ್ ಇಳಿಸದೆಯೇ ಈ ಕೆಲಸ ಆಗುತ್ತದೆ. "ಎಂಜಿನ್ ಬಿಚ್ಚಬೇಕು" ಅನ್ನುವ ಮೆಕ್ಯಾನಿಕ್‌ಗೆ ಇದನ್ನು ಕೇಳಿ.

ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ಟಾಪ್ ಅಪ್ ಮಾಡಿ. ಎರಡು ಗುರುತಿನ ನಡುವೆ ಸಾಮಾನ್ಯವಾಗಿ ಲೀಟರ್ ಆಸುಪಾಸು ಇರುತ್ತದೆ. ನಿಮ್ಮ ಎಂಜಿನ್‌ನಲ್ಲಿ ಇರುವುದೇ ಸುಮಾರು ಮೂರು ಲೀಟರ್. ಆಯಿಲ್ ಉರಿಸುವ ಎಂಜಿನ್ ವರ್ಷಗಟ್ಟಲೆ ಓಡುತ್ತದೆ. ಆಯಿಲ್ ಇಲ್ಲದ ಎಂಜಿನ್ ರಾಯಚೂರು ರಸ್ತೆಯಲ್ಲೇ ಸೀಜ್ ಆಗುತ್ತದೆ. ಆಯಿಲ್ ಲೈಟ್ ಹತ್ತಲಿ ಅಂತ ಕಾಯಬೇಡಿ. ಅದು ಹೇಳುವುದು ಪ್ರೆಷರ್ ಬಿದ್ದಿದೆ ಅಂತ, ಲೆವೆಲ್ ಕಮ್ಮಿ ಅಂತ ಅಲ್ಲ.

ಪ್ರಶ್ನೆ: ಸಂಡೂರು ಕಡೆ ಅದಿರು ಲಾರಿಗಳ ಹಿಂದೆಯೇ ದಿನಾ ಓಡಾಟ. ಕೆಂಪು ಧೂಳಿನಿಂದ ಎಂಜಿನ್ ಆಯಿಲ್ ಕುಡಿಯುವ ಹಾಗೆ ಆಗುತ್ತದಾ?
– ಓದುಗರು, ತೋರಣಗಲ್ಲು

ಉತ್ತರ: ಖಂಡಿತ ಆಗುತ್ತದೆ. ಧೂಳು ಒಳಗೆ ಹೋದರೆ ರಿಂಗ್ ಮತ್ತು ಬೋರ್ ನಡುವೆ ಉಜ್ಜಿ ಎರಡನ್ನೂ ಸವೆಸುತ್ತದೆ. ಏರ್ ಫಿಲ್ಟರ್ ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕಿಂತ ಬೇಗ ಬದಲಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಸಿ ಮತ್ತೆ ಹಾಕಬೇಡಿ, ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಫಿಲ್ಟರ್‌ನಿಂದ ಎಂಜಿನ್ ಕಡೆಗೆ ಹೋಗುವ ಪೈಪಿನ ಒಳಗೆ ಬೆರಳು ಆಡಿಸಿ. ಬೆರಳಿಗೆ ಕೆಂಪು ಹತ್ತಿದರೆ ಫಿಲ್ಟರ್ ಡಬ್ಬಿಯ ಕ್ಲಿಪ್ಪೋ ರಬ್ಬರೋ ಸರಿಯಾಗಿ ಕೂತಿಲ್ಲ.

ಪ್ರಶ್ನೆ: ಬಿಎಸ್ 6 ಡೀಸೆಲ್ ಗಾಡಿಗೂ ದಪ್ಪ ಮಾಡುವ ಬಾಟಲಿ ಹಾಕಬಹುದಾ? ನನ್ನದರಲ್ಲಿ ಆಯಿಲ್ ಇಳಿಯುವ ಬದಲು ಏರುತ್ತಿದೆ.
– ಓದುಗರು, ಶಕ್ತಿನಗರ, ರಾಯಚೂರು

ಉತ್ತರ: ಹಾಕಬೇಡಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್, ಇರುತ್ತದೆ. ಆಯಿಲ್ ಉರಿದಾಗ ಉಳಿಯುವ ಬೂದಿ ಅದರಲ್ಲೇ ಕೂರುತ್ತದೆ. ಅದಕ್ಕೇ ಈ ಗಾಡಿಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇರೆಯೇ ಇದೆ. ಅದರಲ್ಲಿ ಇನ್ನೇನೋ ಬೆರೆಸಬಾರದು. ಲೆವೆಲ್ ಏರುತ್ತಿದೆ ಅಂದ್ರೆ ಡೀಸೆಲ್ ಬೆರೆಯುತ್ತಿದೆ ಅನ್ನುವ ಅನುಮಾನ ಮೊದಲು. ಊರೊಳಗೆ ಚಿಕ್ಕ ಚಿಕ್ಕ ಓಡಾಟ ಮಾಡಿದರೆ ಡಿಪಿಎಫ್ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೆಂದು ಬಿಟ್ಟ ಡೀಸೆಲ್ ಸಿಲಿಂಡರ್ ಗೋಡೆ ಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಆಯಿಲ್ ತೆಳ್ಳಗಾಗಿದೆ. ಮೇಲಿನ ಗುರುತು ದಾಟಿದ್ದರೆ ಗಾಡಿ ಓಡಿಸದೆ ಮೊದಲು ಆಯಿಲ್ ಬದಲಿಸಿ.